ಸೊಟ್ಟ ಇರೋದು ನಿಮ್ಮ ಮ್ಯಾನಿಫೋಲ್ಡ್, ನನ್ನ ಫಿಟ್ಟಿಂಗ್ ಅಲ್ಲ

ಬೆಂಗಳೂರು
ಜುಲೈ 7, 2025

ಗೆ,
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಯವರಿಗೆ

ವಿಷಯ: ಜೂನ್ 9ರಂದು ನನಗೆ ತಲುಪಿದ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ದೋಷ, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನನ್ನ ಕಾರು 2002ರ ಹೊಂಡಾ ಸಿಟಿ 1.5 ವಿಟೆಕ್. ಅಪ್ಪ ಕೊಂಡಿದ್ದು, ಈಗ ನನ್ನ ಕೈಯಲ್ಲಿದೆ. ಅದರ 106 ಅಶ್ವಶಕ್ತಿಯ ಇಂಜಿನ್ ಇಷ್ಟು ವರ್ಷ ಆದಮೇಲೂ ಚೆನ್ನಾಗಿಯೇ ಓಡುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಜೂನ್ 3ರಂದು ನಿಮ್ಮಿಂದ 38,500 ರೂಪಾಯಿಯ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್ನಿನ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪುಗಳ ಜೋಡಣೆ, ತರಿಸಿದೆ. ಬಿಲ್ಲಿನಲ್ಲಿ ಮಾಲು ತಲುಪಿದ 30 ದಿನದೊಳಗೆ ವಾಪಸ್ ಮಾಡಬಹುದು ಎಂದು ಬರೆದಿದ್ದೀರಿ. ಆ 30 ದಿನ ನಾಳಿದ್ದಿಗೆ ಮುಗಿಯುತ್ತದೆ. ನಿಮ್ಮವರು ಇಷ್ಟು ದಿನ ಒಂದೊಂದು ಕಾರಣ ಹೇಳಿ ಮುಂದೂಡಿದ್ದು ಇದಕ್ಕೇ ಇರಬಹುದೇನೋ ಎಂಬ ಅನುಮಾನ ನನಗಿದೆ. ಅದಕ್ಕೇ ಈ ಪತ್ರ.

ಜೂನ್ 14 ಮತ್ತು 15, ಶನಿವಾರ ಭಾನುವಾರ, ನಾನೂ ನಮ್ಮ ಗ್ಯಾರೇಜಿನ ಮೆಕ್ಯಾನಿಕ್ಕೂ ಸೇರಿ ಇದನ್ನು ಕೂರಿಸಿದೆವು. ಈ ಕಾರಿನಲ್ಲಿ ಇನ್‌ಟೇಕ್ ಇರುವುದು ಇಂಜಿನ್ನಿನ ಹಿಂದೆ, ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಕಡೆಗೆ. ಕೆಳಗಿನ ನಟ್‌ಗಳಿಗೆ ಕೈ ಹೋಗಬೇಕಾದರೆ ಮೊಣಕೈ ತರಚಿಕೊಳ್ಳಲೇಬೇಕು. ಆದರೂ ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ಹೊರಗೆ ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಲ್ಲಿ 23 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆವು. ಈ ಇಂಜಿನ್ನಿಗೆ ಹೊಂಡಾ ಕಂಪನಿ ಹೇಳುವ ಲೆಕ್ಕವೇ ಅದು.

ಸ್ಟಾರ್ಟ್ ಮಾಡಿದ ತಕ್ಷಣ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ತಿರುಗುವ ವೇಗ, 2,000 ಆರ್‌ಪಿಎಂಗೆ ಏರಿ ಅಲ್ಲೇ ನಿಂತಿತು. ಎಲ್ಲಿಂದಲೋ ಗಾಳಿ ಒಳಗೆ ಲೀಕ್ ಆಗುತ್ತಿತ್ತು. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ: ಆ ಮೊದಲ ಲೀಕ್ ನನ್ನದೇ ತಪ್ಪು. ನಿಮ್ಮ ಮ್ಯಾನಿಫೋಲ್ಡ್‌ನಲ್ಲಿ ಹಳೆಯದಕ್ಕಿಂತ ಒಂದು ನಿಪ್ಪಲ್ (ಹೋಸ್ ಸಿಕ್ಕಿಸುವ ಸಣ್ಣ ಕೊಳವೆ) ಜಾಸ್ತಿ ಇದೆ. ಅದಕ್ಕೆ ರಬ್ಬರ್ ಟೋಪಿ ಹಾಕುವುದನ್ನು ಮರೆತಿದ್ದೆ. ಹಾಕಿದ ಮೇಲೆ 2,000 ಇಳಿಯಿತು. ಆದರೆ ಐಡಲ್ ನಿಲ್ಲಲಿಲ್ಲ. 1,000ದಿಂದ 1,600ಕ್ಕೆ, ಮತ್ತೆ 1,000ಕ್ಕೆ, ಉಯ್ಯಾಲೆ ಆಡಿದ ಹಾಗೆ. ಮೊದಲು 750ರಲ್ಲಿ ಅಲುಗಾಡದೆ ನಿಲ್ಲುತ್ತಿದ್ದ ಕಾರು ಇದು.

ಮಾರನೇ ದಿನ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಚೆಕ್ ಇಂಜಿನ್ ಲೈಟ್ ಬಂದಿದೆಯಾ ಎಂದು ಕೇಳಿದರು. ಬಂದಿಲ್ಲ ಎಂದೆ. "ಹಾಗಾದ್ರೆ ಲೀಕ್ ಇಲ್ಲ ಸಾರ್, ಐಡಲ್ ಸ್ಕ್ರೂ ಅಡ್ಜಸ್ಟ್ ಮಾಡ್ಸಿ" ಎಂದರು. ಇಂಜಿನ್ ಭಾಗ ಮಾರುವ ಕಂಪನಿಯವರು ಆಡುವ ಮಾತಾ ಇದು? ಈ ಇಂಜಿನ್ನಿಗೆ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಮೀಟರ್ ಇಲ್ಲ. ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್ ನೋಡುತ್ತದೆ, ಅದರ ಮೇಲೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಲೆಕ್ಕ ಹಾಕುತ್ತದೆ. ಕಳ್ಳದಾರಿಯಲ್ಲಿ ಗಾಳಿ ಬಂದರೂ ಒತ್ತಡ ಏರುತ್ತದೆ, ಇಸಿಯು ಅದಕ್ಕೂ ಪೆಟ್ರೋಲ್ ಕೊಡುತ್ತದೆ, ಐಡಲ್ ಏರುತ್ತದೆ. ಕಾಲು ಆಕ್ಸಿಲರೇಟರ್ ಮೇಲೆ ಇಲ್ಲ, ಆದರೂ ಆರ್‌ಪಿಎಂ ಜಾಸ್ತಿ ಇದೆ ಅಂದರೆ ಕಾರು ಇಳಿಜಾರಿನಲ್ಲಿದೆ ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ. ಬಿದ್ದಾಗ ಮತ್ತೆ ಕೊಡುತ್ತದೆ. ಉಯ್ಯಾಲೆ ಎಂದೆನಲ್ಲ, ಅದು ಆಗುವುದು ಹೀಗೆ. ಇದರಲ್ಲಿ ಲೈಟ್ ಹತ್ತಲೇಬೇಕು ಅಂತೇನೂ ಇಲ್ಲ.

ಹೋಗಲಿ ಎಂದು ಲೀಕ್ ಎಲ್ಲಿದೆ ಎಂದು ನಾವೇ ಹುಡುಕಿದೆವು. ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ (ಇಂಜಿನ್ನಿನ ಒಳಗಿನ ಹಬೆ ಎಳೆಯುವ) ಹೋಸ್, ಒಂದೊಂದನ್ನೇ ಬಟ್ಟೆ ಸುತ್ತಿ ಇಕ್ಕಳದಲ್ಲಿ ಅಮುಕಿ ನೋಡಿದೆವು. ವ್ಯತ್ಯಾಸ ಇಲ್ಲ. ಐಡಲ್‌ಗೆ ಬೇಕಾದಷ್ಟು ಗಾಳಿ ಬಿಡುವ ಐಡಲ್ ವಾಲ್ವ್‌ನ ಓ ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿತ್ತು, ಬದಲಾಯಿಸಿದೆವು. ಆಮೇಲೆ ಥ್ರಾಟಲ್ ಬಾಡಿಯ ಬಾಯಲ್ಲಿ ಐಡಲ್ ಗಾಳಿ ಹೋಗುವ ತೂತನ್ನು ಬೆರಳಿನಿಂದ ಮುಚ್ಚಿದೆವು. ಐಡಲ್ ಸ್ವಲ್ಪವೂ ಇಳಿಯಲಿಲ್ಲ. ಅಂದರೆ ಆ ವಾಲ್ವ್ ಆಗಲೇ ಪೂರ್ತಿ ಮುಚ್ಚಿಕೊಂಡಿತ್ತು, ಗಾಳಿ ಬೇರೆಲ್ಲಿಂದಲೋ ಬರುತ್ತಿತ್ತು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡಿದೆವು; ಲೀಕ್ ಇರುವಲ್ಲಿ ಅದು ಒಳಗೆ ಹೋಗಿ ಇಂಜಿನ್ ಸದ್ದು ಬದಲಾಗುತ್ತದೆ. ಮೇಲಿನ ಅಂಚಿಗೆ ಹೊಡೆದರೆ ಸದ್ದು ಬದಲಾಗಲಿಲ್ಲ. ಕೆಳಗಿನ ಅಂಚಿಗೆ ಸ್ಪ್ರೇ ತಲುಪುವುದೇ ಇಲ್ಲ.

ಎರಡು ದಿನ ಬಿಟ್ಟು, ಸ್ಪ್ರೇ ಎಲ್ಲ ಆರಿದ ಮೇಲೆ, ನಮ್ಮ ಮೆಕ್ಯಾನಿಕ್ ಗ್ಯಾರೇಜಿನ ದೇವರ ಪಟದ ಮುಂದಿದ್ದ ಊದುಬತ್ತಿಯನ್ನೇ ತಂದರು. (ಪೆಟ್ರೋಲ್ ಪೈಪುಗಳನ್ನು ನೋಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಮಾಡಿದ್ದು. ಯಾರೂ ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ.) ರೇಡಿಯೇಟರ್ ಫ್ಯಾನ್ ನಿಂತಿದ್ದಾಗ ಕೆಳಗಿನಿಂದ ಹಿಡಿದರು. ಒಂದು, ಎರಡು, ಮೂರನೇ ಸಿಲಿಂಡರ್ ಹತ್ತಿರ ಹೊಗೆ ತನ್ನ ಪಾಡಿಗೆ ಮೇಲೆ ಹೋಗುತ್ತಿತ್ತು. ನಾಲ್ಕನೆಯದರ ಹತ್ತಿರ ಬಂದಾಗ ದಾರದ ಹಾಗೆ ಬಾಗಿ ಫ್ಲ್ಯಾಂಜ್ (ಮ್ಯಾನಿಫೋಲ್ಡ್ ಇಂಜಿನ್ನಿಗೆ ಕೂರುವ ಚಪ್ಪಟೆ ಪಟ್ಟಿ) ಸಂದಿಗೆ ನುಗ್ಗಿತು. "ನೋಡಿ ಸಾರ್, ನುಂಗ್ತಾ ಇದೆ" ಎಂದರು. ವಿಡಿಯೋ ಇದೆ, ಕಳಿಸಿದ್ದೇನೆ. ಊದುಬತ್ತಿ ಪರೀಕ್ಷೆಯನ್ನು ನೀವು ಒಪ್ಪುವುದಿಲ್ಲ ಎಂದು ಗೊತ್ತಿದ್ದರಿಂದ ಜೂನ್ 21ರಂದು 1,500 ರೂಪಾಯಿ ಕೊಟ್ಟು ಯಂತ್ರದಲ್ಲೂ ಸ್ಮೋಕ್ ಟೆಸ್ಟ್ ಮಾಡಿಸಿದೆ. ಒಳಗೆ ತುಂಬಿದ ಹೊಗೆ ಅಲ್ಲಿಂದಲೇ ಹೊರಗೆ ಬಂತು. ನಾಲ್ಕನೇ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್ ಒಂದೇ ಬೆಳ್ಳಗಾಗಿತ್ತು, ಉಳಿದ ಮೂರು ಕಂದು ಬಣ್ಣ. ಹೆಚ್ಚು ಗಾಳಿ ಕುಡಿಯುತ್ತಿದ್ದುದು ಯಾರು ಎಂದು ಇದಕ್ಕಿಂತ ಹೇಗೆ ತೋರಿಸಲಿ?

ವ್ಯಾಕ್ಯೂಮ್ ಗೇಜ್ (ಮ್ಯಾನಿಫೋಲ್ಡ್ ಎಷ್ಟು ಎಳೆಯುತ್ತದೆ ಎಂದು ಪಾದರಸದ ಇಂಚಿನಲ್ಲಿ ಅಳೆಯುವ ಮೀಟರ್; ಲೀಕ್ ಇದ್ದರೆ ಕಡಿಮೆ ತೋರಿಸುತ್ತದೆ) 12 ಇಂಚು ತೋರಿಸುತ್ತಿದೆ, ಮುಳ್ಳು ನಡುಗುತ್ತಿದೆ ಎಂದು ವಾಟ್ಸಾಪ್‌ನಲ್ಲಿ ಹೇಳಿದ್ದೆ. ಅದಕ್ಕೆ ಬಂದ ಉತ್ತರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಂಗಳೂರು ಎತ್ತರದಲ್ಲಿದೆ, ಅಲ್ಲಿ ವ್ಯಾಕ್ಯೂಮ್ ಕಡಿಮೆಯೇ ಬರುತ್ತದಂತೆ. ನಿಜ, ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮೂರು ಇಂಚಿನಷ್ಟು ಕಡಿಮೆ ಬರುತ್ತದೆ. ಆದರೆ ನಿಮ್ಮ ಮ್ಯಾನಿಫೋಲ್ಡ್ ಹಾಕುವ ಮೊದಲು ಅದೇ ಗೇಜ್, ಅದೇ ಕಾರು, ಅದೇ ಗ್ಯಾರೇಜಿನಲ್ಲಿ 17 ತೋರಿಸಿತ್ತು. ಆ ವಾರದಲ್ಲಿ ಬೆಂಗಳೂರು ಇನ್ನಷ್ಟು ಮೇಲೇನೂ ಹೋಗಲಿಲ್ಲ, ಅಲ್ವಾ?

ಆಮೇಲೆ "ಇನ್ನೂ ಟೈಟ್ ಮಾಡಿ, ಸಿಲಿಕೋನ್ ಪೇಸ್ಟ್ ಹಚ್ಚಿ" ಎಂದರು. ಮ್ಯಾನಿಫೋಲ್ಡ್ ಕೂರುವ ಇಂಜಿನ್ ಹೆಡ್ ಅಲ್ಯೂಮಿನಿಯಂನದ್ದು. ಲೆಕ್ಕ ಮೀರಿ ಬಿಗಿದರೆ ಸ್ಟಡ್ ಕೂರುವ ತೂತಿನ ತ್ರೆಡ್ ಕಿತ್ತು ಬರುತ್ತದೆ. ಮಾಮೂಲಿ ಸಿಲಿಕೋನ್ ಪೆಟ್ರೋಲಿಗೆ ತಡೆಯುವುದಿಲ್ಲ, ಚೂರು ಒಳಗೆ ಹೋದರೆ ವಾಲ್ವ್ ತನಕ ಹೋಗುತ್ತದೆ. ಎರಡನ್ನೂ ಮಾಡಲಿಲ್ಲ.

ಜೂನ್ 22ರಂದು ಮ್ಯಾನಿಫೋಲ್ಡ್ ಬಿಚ್ಚಿ, ಮಾರನೇ ದಿನ ಪೀಣ್ಯದ ಒಂದು ಮೆಷಿನ್ ಶಾಪ್‌ಗೆ ಒಯ್ದೆ. ಸರ್ಫೇಸ್ ಪ್ಲೇಟ್ (ಪಕ್ಕಾ ಸಮತಟ್ಟಾದ ಮೇಜು) ಮೇಲೆ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆ) ತೂರಿಸಿದರು. ನಾಲ್ಕನೇ ಪೋರ್ಟಿನ ಕೆಳಗೆ 0.35 ಮಿಲಿಮೀಟರ್ ಎಲೆ ಆರಾಮಾಗಿ ಹೋಯಿತು. ಹೊಂಡಾದ ಹಳೇ ಮ್ಯಾನಿಫೋಲ್ಡನ್ನೂ ಒಯ್ದಿದ್ದೆ. ಅದರ ಕೆಳಗೆ 0.05ರ ಎಲೆಯೂ ಹೋಗಲಿಲ್ಲ. ಇಂಜಿನ್ ಹೆಡ್ಡಿನ ಮುಖವನ್ನು ಗ್ಯಾರೇಜಿನಲ್ಲೇ ನೇರಪಟ್ಟಿ ಇಟ್ಟು ನೋಡಿದ್ದೆವು, ಅಲ್ಲೂ 0.05 ಹೋಗಲಿಲ್ಲ. ಮೆಷಿನ್ ಶಾಪಿನವರು ಇನ್ನೊಂದು ತೋರಿಸಿದರು. ಫ್ಲ್ಯಾಂಜ್ ಮೇಲಿನ ಟೂಲ್ ಗೆರೆಗಳ ಮೇಲೆ ವೆಲ್ಡಿಂಗ್ ಮಸಿ ಕೂತಿದೆ. ಅಂದರೆ ನೀವು ಮೊದಲು ಮುಖ ಸಮ ಮಾಡಿ ಆಮೇಲೆ ಪೈಪುಗಳನ್ನು ಬೆಸೆದಿದ್ದೀರಿ. ಬೆಸುಗೆ ತಣ್ಣಗಾಗುವಾಗ ಎಳೆಯುತ್ತದೆ, ದಪ್ಪ ಫ್ಲ್ಯಾಂಜ್ ಕೂಡ ಬಾಗುತ್ತದೆ. ಬೆಸೆದ ಮೇಲೆ ಇನ್ನೊಮ್ಮೆ ಫೇಸ್, ಅಂದರೆ ಮುಖ ಸಮ, ಮಾಡಲೇಬೇಕು. ನೀವು ಮಾಡಿಲ್ಲ.

ಹಳೆಯದನ್ನೇ ವಾಪಸ್ ಹಾಕಿದೆವು. ಅದೇ ಹೋಸ್‌ಗಳು, ಅದೇ ಮೆಕ್ಯಾನಿಕ್, ಅದೇ ಟಾರ್ಕ್ ರೆಂಚ್. ಐಡಲ್ 750. ವ್ಯಾಕ್ಯೂಮ್ 17.

ಜೂನ್ 24ರಂದು ಇದೆಲ್ಲದರ ಫೋಟೋ ಸಮೇತ ಲಿಖಿತ ದೂರು ಕೊಟ್ಟೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಎಂದು 48 ಗಂಟೆಯೊಳಗೆ ನೀವು ತಿಳಿಸಬೇಕು. ತಿಳಿಸಿದ್ದು ಆರು ದಿನಕ್ಕೆ. ಆ ಉತ್ತರದಲ್ಲಿ, "ನಿಮ್ಮ ಊರಿನಲ್ಲೇ ಲೇತ್ ಅಂಗಡಿಯಲ್ಲಿ ಫೇಸ್ ಮಾಡಿಸಿಕೊಳ್ಳಿ" ಎಂದಿದೆ. ನಿಮ್ಮದೇ ವಾರಂಟಿ ಕಾರ್ಡಿನ ಹಿಂದೆ ಏನಿದೆ ನೋಡಿದ್ದೀರಾ? ಗ್ರಾಹಕರು ಯಾವುದೇ ಮೆಷಿನಿಂಗ್ ಮಾಡಿಸಿದರೆ ವಾರಂಟಿ ಇಲ್ಲ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಿದೆ. ನಿಮ್ಮ ಸಲಹೆ ಕೇಳಿದರೆ ನಿಮ್ಮ ವಾರಂಟಿ ಹೋಗುತ್ತದೆ! ಅದಕ್ಕೇ ನಾನು ಅದರ ಮೇಲೆ ಒಂದು ಉಜ್ಜುಕಾಗದವನ್ನೂ ಆಡಿಸಿಲ್ಲ. ಬಂದ ಹಾಗೆಯೇ ಇದೆ.

ಈಗ ಲೆಕ್ಕ. ಮ್ಯಾನಿಫೋಲ್ಡ್ 38,500. ಬಿಚ್ಚಿ ಹಳೆಯದನ್ನು ಹಾಕಿದ ಕೂಲಿ 3,500. ಅದಕ್ಕೆ ಜೆ.ಸಿ. ರಸ್ತೆಯಿಂದ ತಂದ ಗ್ಯಾಸ್ಕೆಟ್ 1,200. ಸ್ಮೋಕ್ ಟೆಸ್ಟ್ 1,500. ಪೀಣ್ಯದ ಪರೀಕ್ಷೆ 800. ಒಟ್ಟು 45,500 ರೂಪಾಯಿ. ಮೊದಲ ಸಲ ಕೂರಿಸಿದ ಖರ್ಚನ್ನು ಕೇಳುತ್ತಿಲ್ಲ, ಅದು ನನ್ನ ಶೋಕಿ. ಟೋಪಿ ಮರೆತು ಹಾಳಾದ ಅರ್ಧ ದಿನವನ್ನೂ ಕೇಳುತ್ತಿಲ್ಲ. ಬದಲಿ ಮ್ಯಾನಿಫೋಲ್ಡ್ ಬೇಡ. ಅದೂ ಇದೇ ರೀತಿ ಬೆಸೆದದ್ದೇ ಆಗಿರುತ್ತದೆ.

ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆದು ಹಣ ಕೊಡದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿದೆ. ಜುಲೈ 24ರೊಳಗೆ, ಅಂದರೆ ನನ್ನ ಮೊದಲ ದೂರಿಗೆ ಒಂದು ತಿಂಗಳು ತುಂಬುವುದರೊಳಗೆ, ಹಣ ನನ್ನ ಖಾತೆಗೆ ಬರಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಈ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಮ್ಯಾನಿಫೋಲ್ಡನ್ನು ನಿಮ್ಮದೇ ಡಬ್ಬದಲ್ಲಿ ಪ್ಯಾಕ್ ಮಾಡಿ ಇಟ್ಟಿದ್ದೇನೆ. ಬಿಲ್, ಎರಡು ವಿಡಿಯೋ, ಫೀಲರ್ ಗೇಜ್ ಫೋಟೋಗಳು ಮತ್ತು ಮೆಷಿನ್ ಶಾಪ್‌ನ ಚೀಟಿ ಈ ಪತ್ರದ ಜೊತೆಗಿವೆ. ಕೊರಿಯರ್‌ನವರನ್ನು ಸಂಜೆ ಆರರ ಮೇಲೆ ಕಳಿಸಿ, ಮನೆಯಲ್ಲಿರುತ್ತೇನೆ. ಡಬ್ಬ ಭಾರ ಇದೆ, ಬೈಕಿನಲ್ಲಿ ಕಳಿಸಬೇಡಿ.

ಇಂತಿ,
ನಿಮ್ಮ ಗ್ರಾಹಕ