ಕೊಂಡಿ ಕತ್ತರಿಸಿದರೆ ಚೈನ್ ಹೊಸದಾಗದು

ಮಾನ್ಯ ಸಂಪಾದಕರೆ,

ಸೈಕಲ್ ಚೈನ್ ಜೋತುಬಿದ್ದರೆ ನಮ್ಮ ಊರುಗಳಲ್ಲಿ ಮಾಡುವ ಉಪಾಯ ಒಂದೇ. ಅಂಗಡಿಗೆ ಒಯ್ದು ಒಂದು ಜೊತೆ ಕೊಂಡಿ ತೆಗೆಸಿ, ಬಿಗಿ ಮಾಡಿಸಿಕೊಂಡು ಬರುವುದು. ಹತ್ತು ನಿಮಿಷದ ಕೆಲಸ, ಖರ್ಚೂ ಅಷ್ಟಕ್ಕಷ್ಟೆ. ಕೆಲವು ತಿಂಗಳಲ್ಲಿ ಅದೇ ಚೈನ್ ಮತ್ತೆ ಜೋಲುತ್ತದೆ, ಏರಿನಲ್ಲಿ ಎದ್ದು ನಿಂತು ತುಳಿದರೆ ‘ಕಟಕ್’ ಎಂದು ಜಾರುತ್ತದೆ. ಆಮೇಲೆ ‘ಪೂರ್ತಿ ಸೆಟ್ಟೇ ಹೋಗಿದೆ’ ಎಂಬ ಮಾತು ಬರುತ್ತದೆ. ಆ ಮಾತು ನಿಜವೇ. ಆದರೆ ಸೆಟ್ಟು ಹೋಗಲು ದಾರಿ ಮಾಡಿದ್ದು ಅಂದು ತೆಗೆಸಿದ ಆ ಕೊಂಡಿ. ದಿನವೂ ಕೆಲಸಕ್ಕೆ, ಶಾಲೆಗೆ, ಸಂತೆಗೆ ಸೈಕಲ್ ತುಳಿಯುವ ಓದುಗರಿಗೆ ಉಪಯೋಗವಾದೀತೆಂದು ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಚೈನ್ ಉದ್ದವಾಗುವುದು ರಬ್ಬರ್ ಎಳೆದಂತೆ ಅಲ್ಲ. ಅದರ ಪಟ್ಟಿಗಳು ಇದ್ದ ಹಾಗೇ ಇರುತ್ತವೆ. ಸವೆಯುವುದು ಪಿನ್ನು ಮತ್ತು ಆ ಪಿನ್ನು ತಿರುಗುವ ತೂತು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿ.ಮೀ. ಪೆಡಲ್ ಕಡೆಯ ಹಲ್ಲುಚಕ್ರವಾದ ಚೈನ್‌ವೀಲ್ ಮತ್ತು ಹಿಂದಿನ ಚಕ್ರದ ಹಲ್ಲುಚಕ್ರವಾದ ಫ್ರೀವೀಲ್ ಹಲ್ಲುಗಳ ನಡುವಿನ ಅಂತರವನ್ನೂ ಇದೇ ಲೆಕ್ಕಕ್ಕೆ ಕೊರೆದಿರುತ್ತಾರೆ. ಒಂದೊಂದು ಪಿನ್ನಿನಲ್ಲೂ ಕೂದಲೆಳೆಯಷ್ಟು ಸಡಿಲವಾದರೆ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೇರಿ ಕೂರುತ್ತದೆ. ಹತ್ತು ಹಲ್ಲಿಗೆ ಹಂಚಿಹೋಗಬೇಕಾದ ಭಾರ ಒಂದೆರಡರ ಮೇಲೆ ಬಿದ್ದು, ಹಲ್ಲಿನ ಒಂದು ಬದಿ ಕೊರೆದು ಕೊಕ್ಕೆಯಂತಾಗುತ್ತದೆ. ಈಗ ಒಂದು ಜೊತೆ ಕೊಂಡಿ ತೆಗೆದರೆ ಜೋತುಬಿದ್ದದ್ದು ಬಿಗಿಯಾಗುತ್ತದೆ, ನಿಜ. ಉಳಿದ ನೂರು ಕೊಂಡಿಗಳ ಅಂತರ ಮಾತ್ರ ಇದ್ದಲ್ಲೇ ಇರುತ್ತದೆ. ಬಿಗಿಯಾದ ಹಳೆ ಚೈನ್ ಹಲ್ಲು ತಿನ್ನುವ ಕೆಲಸವನ್ನು ಮುಂದುವರಿಸುತ್ತದೆ, ಅಷ್ಟೆ.

ಹಾಗಾಗಿ ಮೊದಲು ಅಳೆಯಬೇಕು. ಬಡಗಿಗಳು ಬಳಸುವ 12 ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಶಾಲೆಯ ಪ್ಲಾಸ್ಟಿಕ್ ಸ್ಕೇಲನ್ನು ಇಷ್ಟು ಸೂಕ್ಷ್ಮಕ್ಕೆ ನಂಬಬೇಡಿ. ಪೆಡಲ್ ಮೇಲೆ ತುಸು ಭಾರ ಹಾಕಿ ಮೇಲಿನ ಚೈನನ್ನು ಎಳೆದು ನಿಲ್ಲಿಸಿ. ಒಂದು ಪಿನ್ನಿನ ನಡುಮಧ್ಯಕ್ಕೆ ಸ್ಕೇಲಿನ ಸೊನ್ನೆ ಹಿಡಿದು, ಅಲ್ಲಿಂದ ಮುಂದಿನ 24ನೇ ಪಿನ್ನು ಎಲ್ಲಿದೆ ನೋಡಿ. ಹೊಸ ಚೈನಾದರೆ ಅದರ ನಡುಮಧ್ಯ ಸರಿಯಾಗಿ 12 ಇಂಚಿಗೆ ಬರುತ್ತದೆ. ಗೇರ್ ಸೈಕಲ್ಲಿನಲ್ಲಿ 12 ಇಂಚು ಮತ್ತು 1/16 ದಾಟಿದರೆ ಚೈನ್ ಬದಲಿಸುವ ಸಮಯ. ಫ್ರೀವೀಲ್ ಆಗ ಸಾಮಾನ್ಯವಾಗಿ ಇನ್ನೂ ಚೆನ್ನಾಗಿರುತ್ತದೆ. 12 ಇಂಚು ಮತ್ತು 1/8 ಆಗಿದ್ದರೆ ಚೈನ್ ಶೇ 1ರಷ್ಟು ಸವೆದಿದೆ, ಫ್ರೀವೀಲನ್ನೂ ತಿಂದಿದೆ ಎಂದೇ ತಿಳಿಯಿರಿ. ಗೇರ್ ಇಲ್ಲದ ಸೈಕಲ್ಲಿನ ಹಲ್ಲು ದಪ್ಪ, ಚೈನೂ ಅಗಲ. ಅಲ್ಲಿ 1/8ರವರೆಗೂ ಓಡಿಸಬಹುದು.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಸವೆದ ಫ್ರೀವೀಲ್ ಮೇಲೆ ಹೊಸ ಚೈನ್ ಹಾಕಿದರೆ ಅದು ಹಳೆಯದಕ್ಕಿಂತ ಹೆಚ್ಚು ಜಾರುತ್ತದೆ. ‘ಡೂಪ್ಲಿಕೇಟ್ ಚೈನ್ ಕೊಟ್ಟ’ ಎಂದು ಅಂಗಡಿಯವನ ಮೇಲೆ ಹರಿಹಾಯುವವರೂ ಇದ್ದಾರೆ. ಪಾಪ, ಚೈನ್ ಸರಿಯಾಗಿಯೇ ಇರುತ್ತದೆ. ಅದರ ಅರ್ಧ ಇಂಚಿನ ಲೆಕ್ಕಕ್ಕೆ ಕೊಕ್ಕೆಯಾದ ಹಲ್ಲು ಒಪ್ಪುತ್ತಿಲ್ಲ. ಜಾರುವುದು ಯಾವ ಗೇರಿನಲ್ಲಿ ಎಂದೂ ಗಮನಿಸಿ. ದಿನವೂ ಬಳಸುವ ಒಂದೆರಡು ಗೇರುಗಳಲ್ಲಿ ಮಾತ್ರ ಜಾರಿ, ಬಳಸದ ದೊಡ್ಡ ಹಲ್ಲುಚಕ್ರದಲ್ಲಿ ಜಾರದಿದ್ದರೆ ಸವೆದದ್ದು ಫ್ರೀವೀಲ್ ಎಂಬುದು ಖಚಿತ. ಎಲ್ಲ ಗೇರಿನಲ್ಲೂ ಒಂದೇ ಸಮನಾಗಿ, ಪೆಡಲ್‌ನ ಎರಡೂವರೆ ಸುತ್ತಿಗೊಮ್ಮೆ ‘ಟಿಕ್’ ಎನ್ನುತ್ತಿದ್ದರೆ ಎಲ್ಲೋ ಒಂದು ಕೊಂಡಿ ಬಿಗಿಯಾಗಿ ಹಿಡಿದುಕೊಂಡಿದೆ. ಚೈನ್ ಒಂದು ಸುತ್ತು ಬರಲು ಹಿಡಿಯುವ ಲೆಕ್ಕ ಅದು. ಆ ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಬಿಡುತ್ತದೆ.

ಬದಲಿಸಲು ಬೇಕಾದ ಸಾಮಾನು ಹೆಚ್ಚೇನಿಲ್ಲ: ಚೈನ್ ಕಟರ್, ಫ್ರೀವೀಲ್ ಬಿಚ್ಚುವ ರಿಮೂವರ್, 15ರ ಸ್ಪ್ಯಾನರ್, 5 ಮಿ.ಮೀ. ಅಲೆನ್ ಕೀ, ಸ್ಕ್ರೂಡ್ರೈವರ್, ಗ್ರೀಸ್. ಮೊಳೆ ಇಟ್ಟು ಸುತ್ತಿಗೆಯಿಂದ ಚೈನ್ ಪಿನ್ನು ಹೊಡೆಯುವ ಪದ್ಧತಿ ಇದೆ. ಪಟ್ಟಿ ಸೊಟ್ಟಗಾಗುತ್ತದೆ, ಬೇಡ.

ಹೊಸ ಚೈನನ್ನು ಹಳೆಯದರ ಪಕ್ಕ ಇಟ್ಟು ಉದ್ದ ಸರಿಮಾಡುವುದು ಇನ್ನೊಂದು ತಪ್ಪು. ಶೇ 1ರಷ್ಟು ಸವೆದ 110 ಕೊಂಡಿಯ ಚೈನ್ ಹೊಸದಕ್ಕಿಂತ ಸುಮಾರು 14 ಮಿ.ಮೀ. ಉದ್ದವಿರುತ್ತದೆ, ಅಂದರೆ ಒಂದು ಕೊಂಡಿಗಿಂತ ಹೆಚ್ಚು. ಅದರಿಂದ ಯಾರೋ ಕೊಂಡಿ ತೆಗೆದಿದ್ದರಂತೂ ಎಣಿಸಿದರೂ ಸರಿಯಾದ ಲೆಕ್ಕ ಸಿಗದು. ಗೇರ್ ಸೈಕಲ್ಲಿಗೆ ನಂಬಬಹುದಾದ ಅಳತೆ ಇದು: ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೈಲರ್ ಒಳಗೆ ತೂರಿಸದೆ, ಮುಂದಿನ ಅತಿ ದೊಡ್ಡ ಹಲ್ಲುಚಕ್ರ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಚೈನ್ ಸುತ್ತಿ, ತುದಿಗಳು ಕೂಡುವ ಜಾಗಕ್ಕೆ ಇನ್ನೆರಡು ಕೊಂಡಿ ಸೇರಿಸಿ ಕತ್ತರಿಸಿ. ಕೊಂಡಿ ತೆಗೆಸಿ ಬಿಗಿ ಮಾಡುವ ಚಾಳಿ ಗೇರ್ ಸೈಕಲ್ಲಿಗೆ ಅಪಾಯಕಾರಿ ಎನ್ನುವುದೂ ಇದಕ್ಕೇ. ಗಿಡ್ಡವಾದ ಚೈನ್ ಇರುವಾಗ ಗೊತ್ತಿಲ್ಲದೆ ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೇ ಗೇರ್ ಹಾಕಿದರೆ ಡಿರೈಲರ್ ಕಿತ್ತು ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ.

ಏಳು ಗೇರಿನ ಅಗ್ಗದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿರುವುದು ಚಕ್ರದ ನಡುವಿನ ಹಬ್ಬಿಗೆ ಮರೆ (ಥ್ರೆಡ್) ಹಾಕಿ ಕೂರಿಸುವ ಫ್ರೀವೀಲ್. ಖಚಿತಪಡಿಸಿಕೊಳ್ಳಲು ಚಕ್ರ ಹಿಡಿದು ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ರಿಮೂವರ್ ಕೂರುವ ಗೀರುಗಳು ಅಲುಗದೆ ನಿಂತರೆ ಫ್ರೀವೀಲ್; ಹಲ್ಲಿನ ಜೊತೆ ತಿರುಗಿದರೆ ಅದು ಕ್ಯಾಸೆಟ್ ಎಂಬ ಬೇರೆ ಬಗೆ, ಬಿಚ್ಚುವ ಕ್ರಮವೇ ಬೇರೆ. ಪೆಡಲ್ ತುಳಿದಷ್ಟೂ ಫ್ರೀವೀಲ್ ತನ್ನ ಮರೆಗೆ ಬಿಗಿಯಾಗುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ತುಳಿದದ್ದು ಬರಿಗೈ ಸ್ಪ್ಯಾನರಿಗೆ ಬಗ್ಗುವುದಿಲ್ಲ. ಚಕ್ರ ಬಿಚ್ಚಿ, ರಿಮೂವರ್ ಕೂರಿಸಿ, ಅದು ಹಾರದಂತೆ ಆಕ್ಸಲ್ ನಟ್ಟನ್ನು ಅದರ ಮೇಲೆ ಕೈಬಿಗಿ ಹಾಕಿ. ಪಕ್ಕದ ವೆಲ್ಡಿಂಗ್ ಅಂಗಡಿಯ ಬೆಂಚ್ ವೈಸಿನಲ್ಲಿ ರಿಮೂವರನ್ನು ಕಚ್ಚಿಸಿ, ಚಕ್ರವನ್ನೇ ಬಸ್ಸಿನ ಸ್ಟೇರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ‘ಡಕ್’ ಎಂದು ಬಿಟ್ಟ ತಕ್ಷಣ ನಿಲ್ಲಿಸಿ ನಟ್ಟು ಸಡಿಲಿಸಿ. ಹಾಗೇ ತಿರುಗಿಸುತ್ತ ಹೋದರೆ ನಟ್ಟಿಗೆ ಒತ್ತಿ ಆಕ್ಸಲ್ ಹಾಳಾಗುತ್ತದೆ. ಹೊಸದು ಹಾಕುವಾಗ ಮರೆಗೆ ಗ್ರೀಸ್ ಸವರಿ, ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ಹಾಕಿ. ಅಡ್ಡಾದಿಡ್ಡಿ ಹತ್ತಿದರೆ ಹೋಗುವುದು ಹಬ್ಬಿನ ಮರೆ, ಅದಕ್ಕೆ ಮದ್ದಿಲ್ಲ.

ಫ್ರೀವೀಲ್ ಮುಖದಲ್ಲಿ ಎರಡು ಪುಟ್ಟ ಗುಳಿಗಳಿರುವ ತೆಳುವಾದ ಬಿಲ್ಲೆಯನ್ನು ಮಾತ್ರ ಮುಟ್ಟಬೇಡಿ. ಅದರದು ಉಲ್ಟಾ ಮರೆ. ‘ಬಿಗಿ ಮಾಡೋಣ’ ಎಂದು ಬಲಕ್ಕೆ ಹೊಡೆದರೆ ಬಿಚ್ಚಿಕೊಂಡು, ಸಾಸಿವೆಗಿಂತ ಚೂರು ದಪ್ಪಗಿನ 1/8 ಇಂಚಿನ ಗುಂಡುಗಳು ಹತ್ತಾರು ಲೆಕ್ಕದಲ್ಲಿ ಅಂಗಳದ ತುಂಬ ಉರುಳುತ್ತವೆ. ಮುಂದಕ್ಕೆ ತುಳಿದರೂ ಪೆಡಲ್ ಖಾಲಿ ತಿರುಗುತ್ತಿದ್ದರೆ, ಒಳಗಿನ ಉಕ್ಕಿನ ನಾಲಿಗೆಗಳು ಹಳೆ ಗ್ರೀಸಿಗೆ ಅಂಟಿಕೊಂಡಿವೆ ಎಂದರ್ಥ. ಬಿಚ್ಚದೆಯೇ ಸೀಮೆಎಣ್ಣೆ ಬಿಟ್ಟು ತಿರುಗಿಸಿ ಜಿಡ್ಡು ಇಳಿಸಿ, ಆರಿದ ಮೇಲೆ ತೆಳು ಎಣ್ಣೆ ಬಿಡಿ. ಅಲ್ಲಿಗೆ ಗ್ರೀಸ್ ಸಲ್ಲದು.

ಡಿರೈಲರ್ ಹೊಂದಿಸುವಾಗ ಕೇಬಲ್ ಬಿಚ್ಚಿಟ್ಟೇ ಶುರು ಮಾಡಿ. ‘ಎಚ್’ ಎಂಬ ಸ್ಕ್ರೂ ಅತಿ ಚಿಕ್ಕ ಚಕ್ರದ ಕಡೆಯ ಗಡಿ, ‘ಎಲ್’ ಕಡ್ಡಿಗಳ ಕಡೆಯ ಗಡಿ. ಡಿರೈಲರ್‌ನ ಮೇಲಿನ ಪುಟ್ಟ ಗಾಲಿ ಚಿಕ್ಕ ಚಕ್ರದ ನೇರ ಕೆಳಗೆ ಬರುವಂತೆ ಎಚ್ ತಿರುಗಿಸಿ. ಆಮೇಲೆ ಕೈಯಿಂದಲೇ ಒಳಕ್ಕೆ ನೂಕಿ, ದೊಡ್ಡ ಚಕ್ರ ದಾಟಿ ಹೋಗದಂತೆ ಎಲ್ ಬಿಗಿ ಮಾಡಿ. ಈಗ ಕೇಬಲ್ ಎಳೆದು ಅಲೆನ್ ಕೀಯಿಂದ ಕಟ್ಟಿ. ದೊಡ್ಡ ಚಕ್ರಕ್ಕೆ ಏರಲು ತಡವರಿಸಿದರೆ ಕೇಬಲ್ ಬರುವಲ್ಲಿನ ತಿರುಪನ್ನು ಕಾಲು ಸುತ್ತು ಎಡಕ್ಕೆ, ಚಿಕ್ಕದಕ್ಕೆ ಇಳಿಯಲು ತಡವರಿಸಿದರೆ ಕಾಲು ಸುತ್ತು ಬಲಕ್ಕೆ. ಎಷ್ಟು ತಿರುಗಿಸಿದರೂ ಹೊಂದದಿದ್ದರೆ ಸೈಕಲ್ಲಿನ ಹಿಂದೆ ಕುಳಿತು ನೋಡಿ. ಡಿರೈಲರ್ ತೂಗುಬಿಟ್ಟ ಕೊಂಬು ಒಳಕ್ಕೆ ಬಾಗಿರುತ್ತದೆ. ಸೈಕಲ್ ಬಲಕ್ಕೆ ಬಿದ್ದಾಗಲೆಲ್ಲ ಪೆಟ್ಟು ತಿನ್ನುವುದು ಅದೇ. ಮಲೆನಾಡು, ಕರಾವಳಿಯವರು ಇದಕ್ಕೂ ಮೊದಲು ಕೇಬಲ್ ಬದಲಿಸಿ ನೋಡುವುದು ಒಳ್ಳೆಯದು. ಮಳೆಗಾಲ ಕಳೆಯುವಷ್ಟರಲ್ಲಿ ಕೊಳವೆಯೊಳಗೆ ತುಕ್ಕು ಹಿಡಿದ ಕೇಬಲ್‌ನ ತಪ್ಪನ್ನು ಡಿರೈಲರ್ ಹೊರುತ್ತದೆ.

ಇನ್ನು ಗೇರಿಲ್ಲದ ಸೈಕಲ್. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆಂದು 2006–07ರಲ್ಲಿ ಶುರುವಾದ ಯೋಜನೆಯಲ್ಲಿ ರಾಜ್ಯ ಸರ್ಕಾರ ಕೊಟ್ಟ ಸೈಕಲ್‌ಗಳಲ್ಲಿ ಎಷ್ಟೋ ಇಂದಿಗೂ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ದಾಟಿ ಓಡುತ್ತಿವೆ. ಇಂಥವುಗಳಲ್ಲಿ ಚೈನ್ ಬಿಗಿ ಮಾಡಲು ಕತ್ತರಿಸುವ ಅಗತ್ಯ ಸಾಧಾರಣವಾಗಿ ಇರುವುದೇ ಇಲ್ಲ. ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆಯಬಹುದು. ಚೈನಿನ ನಡುಭಾಗ ಮೇಲೆ ಕೆಳಗೆ ಅರ್ಧ ಇಂಚು ಆಡಬೇಕು. ಚೈನ್‌ವೀಲ್ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಪೆಡಲ್ ಸುತ್ತಿಸುತ್ತ ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ನೋಡಿ. ವೀಣೆಯ ತಂತಿಯಂತೆ ಬಿಗಿದರೆ ಬೇರಿಂಗು ಸವೆಯುತ್ತದೆ. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ಮೂತಿ ಚೈನ್ ಓಡುವ ದಿಕ್ಕಿಗಿರಲಿ. ತಿರುಗಾಮುರುಗಾ ಹಾಕಿದರೆ ಚೈನ್ ಕವರಿಗೆ ಸವರಿ ಕ್ಲಿಪ್ ಕಳಚುತ್ತದೆ.

ಪೆಡಲ್ ಸುತ್ತಿನಲ್ಲಿ ‘ಗಕ್’ ಎಂದು ಕಾಲು ಜಗ್ಗಿದರೆ, ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಆಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ ನೋಡಿ. ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಒಂದೇ ಆಡಿದರೆ ಪಿನ್ನು, ಎರಡೂ ಕೂಡಿ ಆಡಿದರೆ ಆ ಆಕ್ಸಲ್ ತಿರುಗುವ ಬಿಬಿ (ಬಾಟಮ್ ಬ್ರಾಕೆಟ್) ಬೇರಿಂಗು. ಪಿನ್ನು ತೆಗೆಯಲು ನಟ್ಟನ್ನು ಮರೆಯ ತುದಿಗೆ ಸಮ ಬರುವವರೆಗೆ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವಂತೆ ಕಬ್ಬಿಣದ ಪೈಪಿನ ಆಸರೆ ಕೊಟ್ಟು ಒಂದೇ ಗಟ್ಟಿ ಏಟು ಹಾಕಿ. ಆಸರೆಯಿಲ್ಲದೆ ಹೊಡೆದ ಪ್ರತಿ ಏಟೂ ಒಳಗಿನ ಬೇರಿಂಗ್ ಕಪ್, ಗುಂಡುಗಳಿಗೆ ಬೀಳುತ್ತದೆ. ಹೊಸ ಪಿನ್ನನ್ನು ಹೊಡೆದು ಕೂರಿಸಿ ಆಮೇಲೆ ನಟ್ಟು ಹಾಕಬೇಕು. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಮರೆ ಕೀಳುತ್ತದೆ. ಒಂದೊಂದೇ ಕ್ರ್ಯಾಂಕನ್ನು ಮುಂದಕ್ಕೆ ತಂದು ನೋಡಿದಾಗ ಎರಡರ ನಟ್ಟೂ ಒಂದೇ ದಿಕ್ಕಿಗೆ ಇರಬೇಕು. ಇಲ್ಲದಿದ್ದರೆ ಪೆಡಲ್‌ಗಳು ಒಂದಕ್ಕೊಂದು ನೇರ ಎದುರಿಗೆ ನಿಲ್ಲುವುದಿಲ್ಲ. ಒಂದು ದಿನ ತುಳಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಹೊಸ ಮಾದರಿಯ ಚೌಕ ಆಕ್ಸಲ್ಲಿನ ಅಲ್ಯೂಮಿನಿಯಂ ಕ್ರ್ಯಾಂಕ್ ಸಡಿಲವಿದ್ದಾಗ ಒಂದು ವಾರ ತುಳಿದರೂ ಚೌಕದ ತೂತು ದುಂಡಗಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ವ್ಯರ್ಥ, ಕ್ರ್ಯಾಂಕೇ ಹೊಸದು ಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮದು ಅತಿ ಧಾರಾಳ. ಆಯುಧಪೂಜೆಯ ದಿನ ಪೈಪ್ ಹಿಡಿದು ತೊಳೆದು, ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಹತ್ತಿಸಿ, ಮರುದಿನ ‘ಕಿರ್’ ಎಂದಾಗ ಮೋಟರ್ ಬೈಕಿನ ಹಳೆ ಆಯಿಲ್ ಸುರಿಯುತ್ತೇವೆ. ಧಾರವಾಡದ ಕೆಂಪು ಧೂಳು ಆ ಆಯಿಲ್ಲಿಗೆ ಕಲೆತರೆ ಸಾಣೆ ಹಿಡಿಯುವ ಮುಲಾಮೇ ಸರಿ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ಚೈನ್ ತಿಕ್ಕಿ, ಒರೆಸಿ, ಪೂರ್ತಿ ಆರಲು ಬಿಡಿ. ಆಮೇಲೆ ಒಂದೊಂದು ರೋಲರಿಗೆ ಒಂದೊಂದೇ ಹನಿ ಚೈನ್ ಆಯಿಲ್. ಪೆಡಲನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಹೊರಗೆ ಕಾಣುವ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಬೇಕಿರುವುದು ಪಿನ್ನಿಗೆ, ಪಟ್ಟಿಗಲ್ಲ. ತುಕ್ಕು ಬಿಡಿಸುವ ಸ್ಪ್ರೇ ಈ ಕೆಲಸಕ್ಕೆ ಸಾಲದು, ಬೇಗ ಆರಿಹೋಗುತ್ತದೆ. ತೊಳೆದ ಸೀಮೆಎಣ್ಣೆ ಚರಂಡಿಗೆ ಬೇಡ. ಬಾಟಲಿಯಲ್ಲಿಟ್ಟರೆ ಕೊಳೆ ತಳಕ್ಕೆ ಇಳಿದು ಮೇಲಿನದು ಮತ್ತೆ ಬಳಕೆಗೆ ಬರುತ್ತದೆ.

ಸೈಕಲ್ ಅಂಗಡಿಯವರಲ್ಲಿ ಒಂದೇ ಬೇಡಿಕೆ. ಕೊಂಡಿ ತೆಗೆಯುವ ಮುನ್ನ ಚೈನಿನ ಮೇಲೆ ಒಮ್ಮೆ ಸ್ಕೇಲ್ ಇಟ್ಟು ಗಿರಾಕಿಗೆ ತೋರಿಸಿ. ಗಿರಾಕಿಗಳೂ ಬಿಡಿಭಾಗ ಕೊಳ್ಳಲು ಹೋಗುವಾಗ ಹಳೆ ಫ್ರೀವೀಲನ್ನು ಕೈಯಲ್ಲೇ ಒಯ್ಯಿರಿ. 14ರಿಂದ 28 ಹಲ್ಲಿನದಿದ್ದರೆ ಅದನ್ನೇ ಕೇಳಿ. ‘34 ಹಲ್ಲಿನದು ಹಾಕಿದರೆ ಏರು ಸಲೀಸು’ ಎಂದು ಕೊಟ್ಟರೆ, ಈಗಿರುವ ಡಿರೈಲರ್ ಅಷ್ಟು ದೊಡ್ಡ ಚಕ್ರಕ್ಕೆ ನಿಲುಕುತ್ತದೆಯೇ, ಚೈನಿನ ಉದ್ದ ಸಾಕೇ ಎಂದು ಕೇಳಿಕೊಂಡೇ ದುಡ್ಡು ಕೊಡಿ.

– ಒಬ್ಬ ಸೈಕಲ್ ಸವಾರ, ಧಾರವಾಡ