ಹೊಲಿಗೆ ಬಿಟ್ಟುಕೊಂಡರೆ ಅಂತ ಬರೆದಿದ್ದೀಯಲ್ಲ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಪಾಲಿಗೆ ಬಂದ ಹಳೇ ಮೈಸೂರು ಕ್ರೇಪ್ ರೇಷ್ಮೆ ಸೀರೆ ಕತ್ತರಿಸಿ ಮಗುವಿಗೆ ಲಂಗ, ಜಾಕೀಟು ಹೊಲಿಯೋದು, ನಿಮ್ಮ ಮನೆಯವರಿಗೆ ಖಾದಿ ಜುಬ್ಬಾ ಹೊಲಿಯೋದು ಅಂತ ಬರೆದಿದ್ದೀಯ. ಸೀರೆ ಯಾರದ್ದು, ನಿನ್ನ ಪಾಲಿಗೆ ಹೇಗೆ ಬಂತು ಅನ್ನೋದೆಲ್ಲ ಇಬ್ಬರಿಗೂ ಗೊತ್ತಿರುವ ಮಾತು, ಬಿಡು. ರಾಮನವಮಿ ಸಂಗೀತ ಕಛೇರಿಗೆ ಮನೆಯವರೆಲ್ಲ ನೀನೇ ಹೊಲಿದದ್ದು ಉಟ್ಟು ಹೋಗಬೇಕು ಅಂದುಕೊಂಡಿದ್ದೂ ಸರಿ. ಕಾಗದದ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ಕಛೇರಿ ಮಧ್ಯೆ ಮಗು ಜಾಕೀಟಿನ ಹೊಲಿಗೆ ಬಿಟ್ಟುಕೊಂಡರೆ ಏನು ಗತಿ, ರೆಡಿಮೇಡ್ ತಂದುಬಿಡಲಾ" ಅಂತ, ಅದು ನನ್ನ ತಲೆ ಕೊರೀತಾ ಇದೆ. ಹೊಲಿಯೋಕೆ ಬರಲ್ಲ ಅಂದಿದ್ದರೆ ಸುಮ್ಮನಿರುತ್ತಿದ್ದೆ. ನಿನಗೆ ಹೊಲಿಗೆ ಬರುತ್ತೆ, ಇರೋದು ಭಯ ಮಾತ್ರ.

ಹೊಲಿಗೆ ಸುಮ್ಮಸುಮ್ಮನೆ ಬಿಡೋದಿಲ್ಲ ಪುಟ್ಟಿ. ಒಂದೋ ದಾರ ಕಡಿಯುತ್ತೆ, ಇಲ್ಲಾ ದಾರ ಗಟ್ಟಿಯಾಗೇ ಇದ್ದು ಪಕ್ಕದ ರೇಷ್ಮೆ ಎಳೆಗಳು ಜರುಗಿ ಬಾಯಿ ಬಿಡುತ್ತೆ. ಹಳೇ ಮೈಸೂರು ಕ್ರೇಪಿನಲ್ಲಿ ಎರಡನೆಯದರದ್ದೇ ಕಾಟ. ಎಳೆ ನುಣುಪು, ಹಿಡಿತ ಕಡಿಮೆ, ಜೊತೆಗೆ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಡುವ ಬಟ್ಟೆ, ಕಾಲು ಇಂಚು ಮಾತ್ರ ಬಿಟ್ಟಿದ್ದರೆ ಎಳೆತಕ್ಕೆ ಜಾರಿಕೊಂಡು ಹೊಲಿಗೆಯಿಂದಾಚೆ ಬಂದೇಬಿಡುತ್ತೆ. ಮುಕ್ಕಾಲು ಇಂಚಿಗೆ ಕಡಿಮೆ ಬಿಡಲೇಬೇಡ. ಪಕ್ಕದ ಹೊಲಿಗೆಗೆ ಒಂದು ಇಂಚೇ ಇರಲಿ, ಮಗು ಬೆಳೆದ ಮೇಲೆ ಬಿಚ್ಚಿ ದೊಡ್ಡದು ಮಾಡೋಕೂ ಆಗುತ್ತೆ.

ಕತ್ತರಿ ಹಾಕುವ ಮುಂಚೆ ಸೀರೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡು. ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿ ಇದ್ದದ್ದಲ್ವಾ, ಮಡಿಕೆ ಗೆರೆಗಳ ಮೇಲೆ ಬೆಳಕು ಚುಕ್ಕಿ ಚುಕ್ಕಿಯಾಗಿ ಬಂದರೆ ಅಲ್ಲಿ ಎಳೆ ಸತ್ತಿದೆ ಅಂತ ಅರ್ಥ. ಗೆರೆಯ ಎರಡು ಪಕ್ಕಕ್ಕೂ ಹೆಬ್ಬೆರಳಿಟ್ಟು ಮೆಲ್ಲಗೆ ಅಡ್ಡಕ್ಕೆ ಎಳೆ, ಸೀಳಿದರೆ ಆ ಭಾಗ ಜಾಕೀಟಿಗೆ ಬೇಡ. ಲಂಗದ ನೆರಿಗೆಯೊಳಗೆ ಹೋಗುವ ಹಾಗೆ ನೋಡಿಕೋ, ಅಲ್ಲಿ ಎಳೆತವೇ ಇಲ್ಲ.

ಎಳೆತ ತಾಳಬೇಕಾದ್ದು ರೇಷ್ಮೆ ಅಲ್ಲ, ಒಳಗಿನ ಲೈನಿಂಗು. ಜಾಕೀಟಿಗೆ ಹತ್ತಿ ಲೈನಿಂಗ್ ಹಾಕು, ಟೂ ಬೈ ಟೂ ಅನ್ನುವ ರವಿಕೆ ಬಟ್ಟೆ ಆದರೂ ಸರಿ, ತೆಳು ಮಲ್ಲು ಬಟ್ಟೆ ಆದರೂ ಸರಿ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇನ್ನೂ ತೇವ ಇರುವಾಗಲೇ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸು. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ಮೇಲಿನ ರೇಷ್ಮೆ ಜೋತುಬೀಳುತ್ತೆ. ರೇಷ್ಮೆಯನ್ನು ಮಾತ್ರ ನೆನೆಸಬೇಡ, ಇಸ್ತ್ರಿಗೆ ಮುಂಚೆ ನೀರೂ ಚಿಮುಕಿಸಬೇಡ, ಕಲೆ ಉಳಿಯುತ್ತೆ. ಕತ್ತರಿಸುವಾಗ ಮೇಲ್ಬಟ್ಟೆ ಲೈನಿಂಗಿಗಿಂತ ಕಾಲು ಇಂಚು ಸಡಿಲ ಇರಲಿ. ಆಗ ಮಗು ಕೈ ಚಾಚಿದರೆ ಎಳೆತ ಮೊದಲು ತಾಗೋದು ಹತ್ತಿ ಬಟ್ಟೆಗೆ. ಇಷ್ಟೊಂದು ಮಾಡಿದ ಮೇಲೂ ಬಿಟ್ಟೀತಾ ಅಂತ ಕೇಳಬೇಡ, ಕೇಳ್ತೀಯ ಅಂತ ಗೊತ್ತು.

ಕೇಳಿದರೆ, ದಾರ ನೋಡು ಅಂತೀನಿ. ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಹತ್ತಿ ದಾರ ಕೈಯಲ್ಲಿ ಎಳೆದಾಗ ಪಟ್ ಅಂತ ಕಡಿದರೆ ಬಿಸಾಡು, ಉಳಿತಾಯ ಬೇಡ. ಸೂಜಿ ಹೊಸದು, ರೇಷ್ಮೆಗೆ ಹನ್ನೊಂದನೇ ನಂಬರು. ನಿಮ್ಮ ಮನೆಯವರ ಖಾದಿ ಜುಬ್ಬಾಗೆ ಹದಿನಾಲ್ಕು. ಮೊಂಡು ಸೂಜಿ ಎಳೆಗಳ ನಡುವೆ ನುಗ್ಗುವ ಬದಲು ಎಳೆಯನ್ನೇ ಕಡಿದುಕೊಂಡು ಹೋಗುತ್ತೆ, ಒಂದು ವಾರ ಬಿಟ್ಟು ಅಲ್ಲಿ ಸಾಲು ತೂತು ಕಾಣುತ್ತೆ. ಇಂಚಿಗೆ ಹನ್ನೆರಡು ಹೊಲಿಗೆ ಸಾಕು. ಗಟ್ಟಿಯಾಗಲಿ ಅಂತ ತೀರಾ ಒತ್ತೊತ್ತಾಗಿ ಹಾಕಿದರೆ ರೇಷ್ಮೆ ಅಂಚೆ ಚೀಟಿಯ ಅಂಚಿನ ಹಾಗೆ ಸಾಲಾಗಿ ಹರಿಯುತ್ತೆ. ಗಟ್ಟಿ ಬೇಕಾದ ಕಡೆ, ಅಂದರೆ ಕಂಕುಳಲ್ಲಿ, ಮೊದಲ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಓಡಿಸು.

ಮಿಷನ್ ಟೆನ್ಷನ್, ಅಂದರೆ ದಾರದ ಬಿಗಿ, ಅದರ ಬಗ್ಗೆ ನಾನು ಹೇಳೋದು ಹೆಚ್ಚಾಯಿತೇನೋ. ಆದರೂ ಒಂದು ಮಾತು. ಕತ್ತರಿಸಿ ಉಳಿದ ಚೂರನ್ನು ಎರಡು ಪದರ ಮಾಡಿ, ಓರೆಗೆ ಆರು ಇಂಚು ಹೊಲಿದು ಎಳೆದು ನೋಡು. ದಾರ ಟಪ್ ಅಂತ ಕಡಿದರೆ ಟೆನ್ಷನ್ ಬಿಗಿ. ಮೇಲಿನ ದಾರ ಬಿಗಿಯಾಗಿದ್ದರೆ ಬಾಬಿನ್ ದಾರ, ಅಂದರೆ ಅಡಿಯದು, ಮೇಲಕ್ಕೆ ಚುಕ್ಕಿ ಚುಕ್ಕಿಯಾಗಿ ಇಣುಕುತ್ತೆ, ತಿರುಪು ಅರ್ಧ ಸುತ್ತು ಸಡಿಲಿಸು. ಅಡಿಯ ದಾರ ತಂತಿ ಎಳೆದ ಹಾಗೆ ನೆಟ್ಟಗೆ ಮಲಗಿದ್ದರೆ ಮೇಲಿನದು ಸಡಿಲವಾಯಿತು ಅಂತ. ಬಾಬಿನ್ ಕೇಸನ್ನು ದಾರದ ತುದಿ ಹಿಡಿದು ತೂಗುಹಾಕಿ ಒಮ್ಮೆ ಜಗ್ಗು. ಸ್ವಲ್ಪ ಇಳಿದು ನಿಂತರೆ ಸರಿ, ಸರ್‍ರನೆ ಇಳಿದುಹೋದರೆ ಚಿಕ್ಕ ತಿರುಪು ಕೂದಲೆಳೆಯಷ್ಟು ಬಿಗಿ ಮಾಡು.

ಕಂಕುಳ ಸುತ್ತು ಅಳೆಯುವಾಗ ಮಗು ಕೈ ಕೆಳಗಿಳಿಸಿ ನಿಂತಿರುತ್ತೆ, ಕಛೇರಿಯಲ್ಲಿ ಹಾಗಿರಲ್ಲ. ತೊಡೆ ಮೇಲೆ ತಾಳ ಹಾಕುತ್ತೆ, ಮುಂದಕ್ಕೆ ಬಾಗುತ್ತೆ, ನಿನ್ನ ಕುತ್ತಿಗೆಗೆ ಜೋತುಬೀಳುತ್ತೆ. ಎದೆ ಸುತ್ತು ಇಪ್ಪತ್ತೈದು ಇಂಚಾದರೆ ಜಾಕೀಟು ಇಪ್ಪತ್ತೆಂಟಕ್ಕೆ ಹೊಲಿ. ಬೆನ್ನ ಮೇಲಿನ ಹುಕ್ಕುಗಳ ನಡುವೆ ಒಂದೂಕಾಲು ಇಂಚಿಗಿಂತ ಹೆಚ್ಚು ಅಂತರ ಕೊಟ್ಟರೆ ಬಾಗಿದಾಗ ಬಾಯಿ ಬಿಡುತ್ತೆ, ಜನ ಅದನ್ನೇ ಹೊಲಿಗೆ ಬಿಟ್ಟಿದೆ ಅನ್ನುತ್ತಾರೆ. ಜುಬ್ಬಾಗೆ ಕಂಕುಳಲ್ಲಿ ಮೂರು ಇಂಚಿನ ಚೌಕ ತುಂಡನ್ನು ಓರೆಯಾಗಿ ಕೂಡಿಸು. ಪಕ್ಕದ ಸೀಳು ಶುರುವಾಗುವ ಜಾಗದಲ್ಲಿ ಒಳಗಡೆಯಿಂದ ಮೂರು ಮೂಲೆಯ ಚಿಕ್ಕ ತೇಪೆ ಹಾಕು, ಜುಬ್ಬಾ ಹರಿಯೋದು ಯಾವಾಗಲೂ ಅಲ್ಲೇ.

ಲಂಗದ್ದು ಬಾಧೆಯಿಲ್ಲ. ಸೀರೆ ಅಗಲ ನಲವತ್ತೈದು ಇಂಚು ಅಂತ ಬರೆದಿದ್ದೀಯ. ದೊಡ್ಡ ಅಂಚಿನ ಕಡೆಯಿಂದ ಮೂವತ್ತಮೂರು ಇಂಚು ಎತ್ತರಕ್ಕೆ ಕತ್ತರಿಸು. ಇಪ್ಪತ್ತೆಂಟು ಉದ್ದಕ್ಕೆ, ಅಂಚಿನ ಮೇಲೆ ಎರಡು ಟಕ್ (ಮಡಿಚಿ ಹೊಲಿಯುವ ಪಟ್ಟಿ) ಹಿಡಿಯೋಕೆ ನಾಲ್ಕು, ಒಂದು ಸೊಂಟದ ಮಾರ್ಜಿನ್ನಿಗೆ. ಒಂದು ಇಂಚು ಕಾಣುವ ನೆರಿಗೆಗೆ ಮೂರು ಇಂಚು ಬಟ್ಟೆ ಹೋಗುತ್ತೆ, ಇಪ್ಪತ್ನಾಲ್ಕು ಇಂಚಿನ ಸೊಂಟಪಟ್ಟಿಗೆ ಎರಡು ಗಜ, ಕೂಡು ಹೊಲಿಗೆಗೆ ಎರಡು ಇಂಚು ಸೇರಿಸಿಕೋ. ಮೇಲುಗಡೆ ಉಳಿಯುವ ಸಣ್ಣ ಅಂಚು ತೋಳಿಗಾಯಿತು, ಸೆರಗು ಜಾಕೀಟಿಗಾಯಿತು. ಲಾಡಿ ಬೇಡ. ಮೂರು ಗಂಟೆ ಕೂತ ಮಗುವಿಗೆ ಸೊಂಟದಲ್ಲಿ ಲಾಡಿ ಕೊರೆದರೆ ಆಲಾಪನೆ ಶುರುವಾದಾಗಲೇ ಮನೆಗೆ ಹೋಗೋಣ ಅನ್ನುತ್ತೆ. ತೋಳಿಲ್ಲದ ಒಳರವಿಕೆಯ ಹಾಗೆ ಹತ್ತಿ ಬಾಡಿ ಹೊಲಿದು ಲಂಗವನ್ನು ಅದಕ್ಕೇ ಕೂಡಿಸಿದರೆ ಭಾರ ಹೆಗಲ ಮೇಲೆ ಹೋಗುತ್ತೆ. ಒಳಗೆ ಕ್ಯಾನ್‌ಕ್ಯಾನ್ ನೆಟ್ (ಲಂಗ ಉಬ್ಬಿಸುವ ಗಡುಸು ಜಾಲರಿ) ಹಾಕುವ ಆಸೆ ಇದ್ದರೆ ಬಿಟ್ಟುಬಿಡು, ಚುಚ್ಚುತ್ತೆ, ಅಲುಗಿದಾಗೆಲ್ಲ ಸರಬರ ಅನ್ನುತ್ತೆ, ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ.

ಬೆಂಗಳೂರು ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಕೊಂಡು ಬಂದಿರುವ, ಕೋಟೆ ಹೈಸ್ಕೂಲ್ ಮೈದಾನದ ಕಛೇರಿ ಅದು. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಜಾಗ. ನಮ್ಮ ಕಾಲದಲ್ಲಿ ಯುಗಾದಿ ಹೊಲಿಗೆ ಮುಗಿಯೋ ಹೊತ್ತಿಗೆ ರಾಮನವಮಿ ಬಂದಿರುತ್ತಿತ್ತು. ಮನೆಯವರಿಗೆಲ್ಲ ಹುಕ್ಕು, ಕಾಜ ಮುಗಿಸಿ ಹೊರಡುವಷ್ಟರಲ್ಲಿ ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಆಗಿಹೋಗಿ ದೇವರನಾಮ ನಡೆದಿರುತ್ತಿತ್ತು. ಉಳಿದದ್ದು ಮಂಗಳ. ದೊಡ್ಡ ರಾಗಗಳನ್ನು ಕೂತು ಕೇಳಲಿಲ್ಲವಲ್ಲ ಅಂತ ಈಗ ಅನ್ನಿಸುತ್ತೆ. ಅದಕ್ಕೇ ನಿನ್ನ ಸಾಲು ಓದಿ ಸಂಕಟವಾಯಿತು. ನೀನು ಹೊತ್ತಿಗೆ ಸರಿಯಾಗಿ ಹೋಗಿಯೂ, ಮುಂದೆ ಕೂತೂ, ಕಣ್ಣೆಲ್ಲ ಮಗುವಿನ ಕಂಕುಳ ಹೊಲಿಗೆಯ ಮೇಲಿಟ್ಟರೆ ಕೇಳಿದ್ದೇನು ಹೇಳು.

ಹಾಗಾಗಿ ಆ ಭಯವನ್ನು ಮನೆಯಲ್ಲೇ ತೀರಿಸಿಕೊಂಡು ಹೊರಡು. ರೇಷ್ಮೆಗೆ ಮಿಷನ್ ಹಾಕುವ ಮುಂಚೆ ಲೈನಿಂಗ್ ಮಾತ್ರ ಕಚ್ಚಾ ಹೊಲಿಗೆ ಹಾಕಿ ಮಗುವಿಗೆ ತೊಡಿಸು. ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಿ, ಆದಿತಾಳ ಹಾಕಿಸು, ಎರಡು ಕೈಯೂ ಎತ್ತಿಸು, ಬಗ್ಗಿ ನಮಸ್ಕಾರ ಮಾಡಿಸು. ಕಚ್ಚಾ ದಾರ ಎಲ್ಲಿ ಕಡಿಯುತ್ತೋ ಅಲ್ಲಿ ಅಳತೆ ಜಿಪುಣವಾಗಿದೆ. ಅರ್ಧ ಇಂಚು ಬಿಡು, ಮತ್ತೆ ಕೂರಿಸು. ಏನೂ ಕಡಿಯಲಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಇದಕ್ಕಿಂತ ದೊಡ್ಡ ಉಪಾಯ ನನ್ನ ಹತ್ತಿರ ಇಲ್ಲ.

ಇಷ್ಟರ ಮೇಲೂ ಬಿಟ್ಟರೆ? ಚೀಲದಲ್ಲಿ ದಾರ ಪೋಣಿಸಿದ ಸೂಜಿ, ಎರಡು ಸಣ್ಣ ಪಿನ್ನು ಇರಲಿ. ಪಿನ್ನನ್ನು ಒಳಗಿನಿಂದ ಲೈನಿಂಗಿಗೆ ಮಾತ್ರ ಹಾಕು, ರೇಷ್ಮೆಗೆ ಚುಚ್ಚಬೇಡ. ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವಾಗ ಎದ್ದು ಚಪ್ಪರದ ಹಿಂದೆ ಹೋಗಿ ನಾಲ್ಕು ಹೊಲಿಗೆ ಹಾಕಿಕೊಂಡು ಬಾ. ತನಿ ಶುರುವಾದ ಕೂಡಲೇ ಕಾಫಿಗೆ ಏಳುವ ಗುಂಪಿದೆಯಲ್ಲ, ಅವರ ಜೊತೆ ಮಾತ್ರ ಏಳಬೇಡ. ಮೃದಂಗದವರು ಅದಕ್ಕಾಗಿ ಅಷ್ಟು ಹೊತ್ತು ಕಾದಿರುತ್ತಾರೆ.

ಮಗುವಿನ ಕಂಕುಳ ಸುತ್ತು ಮತ್ತು ಬೆನ್ನಿನ ಅಗಲ ಕೈ ಮುಂದಕ್ಕೆ ಚಾಚಿಸಿ ಇನ್ನೊಮ್ಮೆ ಅಳೆದು ಬರೆ. ಅಳಿಯಂದಿರಿಗೂ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ

ವಿ.ಸೂ.: ಪಾನಕ ಹಂಚಿದರೆ ಮಗುವಿನ ಮಡಿಲಿಗೆ ಟವಲು ಹಾಸಿ ಕುಡಿಸು. ಚೆಲ್ಲಿದರೆ ಉಜ್ಜಬೇಡ, ಒಣ ಬಟ್ಟೆ ಒತ್ತಿ ಹೀರಿಸಿ ಹಾಗೇ ಬಿಡು, ಮಿಕ್ಕಿದ್ದು ಡ್ರೈಕ್ಲೀನಿಂಗ್‌ನವರು ನೋಡಿಕೊಳ್ಳುತ್ತಾರೆ. ಬೆಲ್ಲ ಅಂತ ಹೇಳಿ ಕೊಡು.