ಹೀಟರ್ ತರುವ ಮೊದಲು ಬಾಗಿಲಿಗೊಂದು ಪರದೆ ಹಾಕು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದ ಕೂಡಲೇ ಆ ಬಾಗಿಲಿನ ಗುರುತು ಹತ್ತಿತು. ಇಂಗ್ಲೆಂಡಿನಲ್ಲಿ, ನೀನಿರುವ ಲೀಡ್ಸ್‌ನಲ್ಲೇ, ಅಂಥದ್ದೇ ಕೆಂಪಿಟ್ಟಿಗೆ ಮನೆಯಲ್ಲಿ ನಾನು ಆರು ಚಳಿಗಾಲ ಕಳೆದವನು. ಗ್ಯಾಸ್ ಹೀಟಿಂಗ್ ದಿನವಿಡೀ ಹಾಕಿಟ್ಟರೂ ಸೋಫಾದ ಮೇಲೆ ಕೂತವರ ಪಾದ ಬೆಚ್ಚಗಾಗುವುದಿಲ್ಲ ಎಂದು ಬರೆದಿದ್ದೀಯ. ಅಮ್ಮ ನವೆಂಬರಿನಲ್ಲಿ ಬರುತ್ತಾರೆ, ಅಷ್ಟರಲ್ಲಿ ಒಂದು ಕರೆಂಟ್ ಹೀಟರ್ ತಂದಿಡುತ್ತೇನೆ ಎಂದೂ ಬರೆದಿದ್ದೀಯ. ಸದ್ಯಕ್ಕೆ ತರಬೇಡ ಮಾರಾಯ. ಇಲ್ಲಿ ಕರೆಂಟಿನ ಒಂದು ಯೂನಿಟ್ಟಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದುಡ್ಡು. ಅಷ್ಟು ಸುರಿದರೂ ಅಮ್ಮನ ಮಂಡಿಗೆ ಗಾಳಿ ಬಡಿಯುವುದು ತಪ್ಪುವುದಿಲ್ಲ. ಮೊದಲು ಬಾಗಿಲಿಗೆ ಪರದೆ ಹಾಕೋಣ.

ನೀನಿರುವಂಥ ಮನೆಗೆ ಇಲ್ಲಿಯವರು ‘ಬ್ಯಾಕ್-ಟು-ಬ್ಯಾಕ್’ ಅನ್ನುತ್ತಾರೆ. ಎರಡು ಸಾಲು ಮನೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಇಂಥ ಮನೆ ಹೊಸದಾಗಿ ಕಟ್ಟಬಾರದು ಎಂದು 1909ರಲ್ಲೇ ಕಾನೂನು ಬಂದಿತ್ತು. ಆದರೆ ಅದಕ್ಕೆ ಮೊದಲೇ ಒಪ್ಪಿಗೆ ಪಡೆದ ನಕ್ಷೆಗಳ ಬಲದಲ್ಲಿ ಲೀಡ್ಸ್‌ನಲ್ಲಿ 1937ರವರೆಗೂ ಕಟ್ಟುತ್ತಲೇ ಇದ್ದರು. ಸಾಲಿನ ಮಧ್ಯದ ಮನೆಗೆ ಮೂರು ಕಡೆ ನೆರೆಮನೆಯ ಗೋಡೆ, ಹಾಗಾಗಿ ಆ ಮೂರು ಕಡೆಯಿಂದ ಚಳಿಯಿಲ್ಲ. ಹೊರಗಿನ ಗಾಳಿಗೆ ಮುಖ ಒಡ್ಡಿರುವುದು ಒಂದೇ ಗೋಡೆ. ಬಾಗಿಲಿರುವುದೂ ಅದರಲ್ಲೇ, ಆ ಬಾಗಿಲು ತೆರೆದುಕೊಳ್ಳುವುದು ನೇರ ನಡುಮನೆಗೆ. ನಡುವೆ ಜಗಲಿಯಿಲ್ಲ, ಪಡಸಾಲೆಯಿಲ್ಲ.

ಇನ್ನೊಂದು ಸಂಗತಿ ಮೆಟ್ಟಿಲಿನದು. ನಡುಮನೆಯಲ್ಲಿ ಕಾದ ಗಾಳಿ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ, ಅಲ್ಲಿಂದ ಅಟ್ಟಕ್ಕೆ ಏರಿ, ಮಾಡಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿ ಕೆಳಗಿನಿಂದ ಒಳಗೆ ಬರಲೇಬೇಕಲ್ಲ, ಅದು ಬರುವುದು ಬಾಗಿಲ ಸಂದಿನಿಂದ. ನೀನು ಹೀಟಿಂಗ್ ಹೆಚ್ಚಿಸಿದಷ್ಟೂ ಮೇಲಿನ ಸೆಳೆತ ಜೋರಾಗುತ್ತದೆ, ಹೊಸ್ತಿಲ ಬುಡದಲ್ಲಿ ತಣ್ಣನೆ ಗಾಳಿಯೂ ಹೆಚ್ಚುತ್ತದೆ. ನಿನ್ನ ಪಾದ ಬೆಚ್ಚಗಾಗದಿರುವುದು ಅದಕ್ಕೇ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ನೆನಪಿದೆಯಾ? ಇರಚಲು ಒಳಗೆ ಬಾರದಂತೆ ತಡೆಯುತ್ತಿದ್ದರೇ ಹೊರತು, ಜಗಲಿ ಒದ್ದೆಯಾಯಿತೆಂದು ಬಚ್ಚಲೊಲೆಗೆ ಇನ್ನೆರಡು ಕುಂಟೆ ಯಾರೂ ಒಟ್ಟುತ್ತಿರಲಿಲ್ಲ.

ಗಾಳಿ ಬೀಸುವ ಸಂಜೆಯೊಂದರಲ್ಲಿ ದೇವರ ಮುಂದಿನ ಊದಿನಕಡ್ಡಿ ಒಂದನ್ನು ಹಚ್ಚಿಕೊಂಡು ಬಾಗಿಲ ಅಂಚಿಗುಂಟ ನಿಧಾನ ಹಿಡಿ. ಹೊಗೆ ಎಲ್ಲಿ ನಿನ್ನ ಕಡೆ ಬಾಗುತ್ತದೋ ಅಲ್ಲಿ ಸಂದು ಇದೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಗಾಳಿ ಬರುತ್ತಿದ್ದದ್ದು ಪತ್ರ ಹಾಕುವ ಕಿಂಡಿಯಿಂದ, ಆಮೇಲೆ ಹೊಸ್ತಿಲಿನಿಂದ, ಕೊನೆಗೆ ಬೀಗದ ಕೈ ತೂತಿನಿಂದ. ಕಿಂಡಿಗೆ ಒಳಗಿನಿಂದ ಬ್ರಷ್ ಇರುವ ಪಟ್ಟಿ ಸಿಗುತ್ತದೆ, ಬಾಗಿಲ ಬುಡಕ್ಕೂ ಅಂಥದ್ದೇ ಉದ್ದ ಪಟ್ಟಿ, ತೂತಿಗೆ ಪುಟ್ಟ ಮುಚ್ಚಳ. ಪರದೆಗಿಂತ ಮೊದಲು ಇವು ಮೂರನ್ನೂ ಹಾಕು.

ಈಗ ರಾಡಿನ ವಿಚಾರ. ಇದರಲ್ಲಿ ನಾನೊಮ್ಮೆ ಪೆಟ್ಟು ತಿಂದಿದ್ದೇನೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಮೊದಲ ವರ್ಷ ಸಾಮಾನ್ಯ ಕರ್ಟನ್ ರಾಡು ತಂದು ಬಾಗಿಲ ಮೇಲಿನ ಗೋಡೆಗೆ ನೇರವಾಗಿ ಸ್ಕ್ರೂ ಹೊಡೆದೆ. ಹಳೆಯ ಸುಣ್ಣದ ಗಾರೆ, ಮುಟ್ಟಿದರೆ ಉದುರುವಂಥದ್ದು. ಎರಡು ವಾರ ಭಾರ ಹೊತ್ತು, ಒಂದು ರಾತ್ರಿ ಗಾರೆಯ ಹೆಂಟೆ ಸಮೇತ ಕೆಳಗೆ ಬಿತ್ತು. ಹಗಲಾಗಿದ್ದರೆ ಅಪ್ಪ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಆಮೇಲೆ ಒಂದು ಮರದ ರೀಪನ್ನು ನಾಲ್ಕು ಕಡೆ ಇಟ್ಟಿಗೆಯವರೆಗೆ ಕೊರೆದು ಕೂರಿಸಿ, ರಾಡಿನ ಬ್ರಾಕೆಟ್ಟನ್ನು ಆ ರೀಪಿಗೆ ಹೊಡೆದೆ. ನಾವು ಮನೆ ಬಿಡುವವರೆಗೂ ಅದು ಅಲ್ಲಾಡಲಿಲ್ಲ.

ನಿನಗೆ ಮಾತ್ರ ನಾನು ಹೇಳುವುದು ಪೋರ್ಟಿಯರ್ ರಾಡ್. ಇದರ ಒಂದು ತುದಿ ಕೀಲಿನ ಕಡೆಯ ದಾರಂದಕ್ಕೆ, ಇನ್ನೊಂದು ತುದಿ ಬಾಗಿಲ ಹಲಗೆಗೆ. ಬಾಗಿಲು ಒಳಗೆ ಎಳೆದಾಗ ರಾಡು ತಾನೇ ತುಸು ಮೇಲೇಳುತ್ತದೆ, ಪರದೆಯ ಅಂಚು ನೆಲ ಬಿಡುತ್ತದೆ, ಬಾಗಿಲ ಜೊತೆಗೇ ಪರದೆಯೂ ತಿರುಗುತ್ತದೆ. ಅಮ್ಮ ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಪರದೆ ಸರಿಸುತ್ತ ನಿಲ್ಲಬೇಕಾಗಿಲ್ಲ. ಗೋಡೆ ಮುಟ್ಟುವ ಕೆಲಸವೂ ಇಲ್ಲ. ಆದರೂ ಓನರಿಗೆ ಒಂದು ಮಾತು ಕೇಳಿ ಬರಹದಲ್ಲಿ ಒಪ್ಪಿಗೆ ಇಟ್ಟುಕೋ. ಎರಡು ಸಂಗತಿ ಮೊದಲೇ ನೋಡು: ರಾಡು ಎಷ್ಟು ಕಿಲೋ ತಡೆಯುತ್ತದೆ ಎಂಬುದು, ಮತ್ತೆ ಕೀಲಿನ ಪಕ್ಕದ ಗೋಡೆಗೂ ಬಾಗಿಲಿಗೂ ನಡುವೆ ಪರದೆಯ ಮಡಿಕೆಗೆ ಜಾಗ ಇದೆಯಾ ಎಂಬುದು. ನನ್ನ ಮನೆಯಲ್ಲಿ ಆ ಜಾಗ ಇರಲಿಲ್ಲ, ಇದ್ದಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ.

ಬಟ್ಟೆ ಮೂರು ಪದರ ಇರಲಿ: ಮುಂದೆ ದಪ್ಪ ಬಟ್ಟೆ, ಹಿಂದೆ ಹತ್ತಿಯ ಅಸ್ತರು, ನಡುವೆ ಉಣ್ಣೆ. ಅಗಲ ಬಾಗಿಲಿನ ಒಂದೂವರೆ ಪಟ್ಟು ಇದ್ದರೆ ಸಾಕು, ಮಡಿಕೆ ಚೆನ್ನಾಗಿ ಬೀಳುತ್ತದೆ. ನಾನು ನಡುವೆ ಇಟ್ಟು ಹೊಲಿದದ್ದು ಚಳ್ಳಕೆರೆಯ ಕರಿಕಂಬಳಿ. ಅಪ್ಪ ಆ ಜನವರಿಯಲ್ಲಿ ಬರುವಾಗ ಹೊದೆಯಲು ತಂದಿದ್ದರು. ಸಂಜೆ ಏಳಕ್ಕೇ ‘ಚಳಿ ಕಣೋ’ ಎಂದು ಎದ್ದು ಮಲಗಲು ಹೋಗುತ್ತಿದ್ದವರು, ಒಂದು ದಿನ ತಾವೇ ಕಂಬಳಿ ತಂದು ನನ್ನ ಮುಂದೆ ಹಾಸಿ, ‘ಇದನ್ನ ಬಾಗಿಲಿಗೆ ಹಾಕು, ನನಗೆ ರಜಾಯಿ ಸಾಕು’ ಅಂದರು. ನೇಯುವಾಗ ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದರಿಂದ ಕಂಬಳಿ ಬಿಗಿಯಾಗಿ, ಬಿರುಸಾಗಿ ಇರುತ್ತದೆ. ಕುರಿ ಕಾಯುವವರನ್ನು ಗಾಳಿ ಮಳೆಯಲ್ಲಿ ಕಾದ ಬಟ್ಟೆ ಅದು. ದಬ್ಬಳ ಹಿಡಿದು ಮೂರು ರಾತ್ರಿ ಇಬ್ಬರೂ ಕೂತು ಹೊಲಿದೆವು. ಹಾಕಿದ ಸಂಜೆ ಅಪ್ಪ ತಮ್ಮ ಕುರ್ಚಿಯಲ್ಲಿ ಒಂಬತ್ತೂವರೆವರೆಗೆ ಕೂತು ಊರಿನ ತೋಟದ ಕತೆ ಹೇಳಿದರು. ಅಮ್ಮನಿಗೆ ಈಗಲೇ ಫೋನ್ ಮಾಡಿ ಒಂದು ಕಂಬಳಿ ತರಲು ಹೇಳು.

ಪರದೆ ನೆಲಕ್ಕೆ ತಾಗಿದರೆ ಸಾಕು, ನೆಲದ ಮೇಲೆ ಹರಡಿ ಬೀಳಬಾರದು. ವಯಸ್ಸಾದವರ ಕಾಲಿಗೆ ಸಿಕ್ಕರೆ ಕಷ್ಟ. ಕೋಣೆ ಕಾಯಿಸುವ ರೇಡಿಯೇಟರಿನ ಮುಂದೆ ಬರಬಾರದು. ಬೆಳಗಾದ ಮೇಲೆ ಸ್ವಲ್ಪ ಹೊತ್ತು ಸರಿಸಿಡು, ಇಲ್ಲದಿದ್ದರೆ ಪರದೆಯ ಹಿಂದೆ ನೀರು ಪಸೆ ಕಟ್ಟಿ ಬೂಷ್ಟು ಹಿಡಿಯುತ್ತದೆ. ಗೋಡೆಯಲ್ಲಿ ಗಾಳಿಗೆಂದೇ ಬಿಟ್ಟ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡ. ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ನೋಡು. 2022ರ ಅಕ್ಟೋಬರಿನಿಂದ ಅದನ್ನು ಹಾಕಿಸುವುದು ಓನರಿನ ಹೊಣೆ. ಇನ್ನೊಂದು ಮಾತು: ಆ ಮನೆಗೆ ಹಿಂಬಾಗಿಲಿಲ್ಲ. ಕತ್ತಲಲ್ಲೂ ಪರದೆ ಒಂದೇ ಎಳೆತಕ್ಕೆ ಬಾಗಿಲು ಬಿಟ್ಟುಕೊಡಬೇಕು. ಹಾಕಿದ ಮೇಲೆ ಮನೆಯವರೆಲ್ಲ ದೀಪ ಆರಿಸಿ ಒಮ್ಮೆ ತೆರೆದು ನೋಡಿ.

ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಡಿಸೆಂಬರಿಗೆ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಆ ಭಾನುವಾರದ ಹಿಂದಿನ ಶನಿವಾರ ನಾನೇ ನ್ಯೂಕಾಸಲ್‌ನಿಂದ ಬರುತ್ತೇನೆ, ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಡ್ರಿಲ್ಲು, ಸ್ಕ್ರೂ, ದಬ್ಬಳ ನಾನು ತರುತ್ತೇನೆ. ನೀನು ದಾರಂದದ ಹೊರ ಅಂಚಿನಿಂದ ಹೊರ ಅಂಚಿಗೆ ಅಗಲ, ರಾಡು ಬರುವ ಎತ್ತರದಿಂದ ನೆಲದವರೆಗೆ ಉದ್ದ ಅಳೆದು, ಕೀಲು ಯಾವ ಕಡೆ ಇದೆ ಎಂದು ಬರೆದು ಕಳಿಸು. ಸೆಂಟಿಮೀಟರಿನಲ್ಲಿ ಬರೆ.

ಇಂತಿ ನಿನ್ನ
ಗೆಳೆಯ